ಚಂದ್ರಾವತಿಯ ನಾಲ್ಕನೇ ಸ್ಟಾಂಪು

‘ಗೊತ್ತಿಲ್ಲ’ ಅನ್ನುವ ಮಾತನ್ನು ಚಂದ್ರಾವತಿಯ ಬಾಯಿಂದ ಕೇಳಿದವರು ಮೈಸೂರಿನಲ್ಲೂ ಇಲ್ಲ, ಐರ್ಲೆಂಡಿನ ಕಿಲ್ಕೆನ್ನಿಯಲ್ಲೂ ಇಲ್ಲ. ಗೊತ್ತಿಲ್ಲದ್ದೇನಾದರೂ ಎದುರಾದರೆ ಅವಳು ಒಂದು ಸಲ ತಲೆ ಆಡಿಸುತ್ತಾಳೆ, ತುಟಿ ಬಿಚ್ಚದೆ ನಗುತ್ತಾಳೆ, ಆಮೇಲೆ ಹೇಗೋ ಹೊಂಚು ಹಾಕಿ ತಿಳಿದುಕೊಳ್ಳುತ್ತಾಳೆ. ಕೇಳುವುದಕ್ಕೇನು ಕಾಸು ಕೊಡಬೇಕೇ ಎಂದು ಅವಳ ತಾಯಿ ಬೈದು ಬೈದು ಸೋತಿದ್ದರು. ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿಯ ಹೆಂಗಸು ಅವಳು. ಕೇಳಿದರೆ ದಡ್ಡಿ ಅಂದುಕೊಳ್ಳುತ್ತಾರೆ ಅನ್ನುವುದು ಅವಳ ಭಯ.

ಈ ಚಾಳಿಗೆ ಹುರುಪು ಬಂದದ್ದು ಹೊಲಿಗೆಯಿಂದ. ಮದುವೆಗೆ ಮುಂಚೆ, ಮೈಸೂರಿನ ಅಗ್ರಹಾರದಲ್ಲಿ ಹೊಲಿಗೆ ಕ್ಲಾಸಿಗೆ ಹೋಗುತ್ತಿದ್ದಾಗ, ವಕೀಲರೊಬ್ಬರ ಹೆಂಡತಿ ರೇಷ್ಮೆ ತುಂಡು ಹಿಡಿದು ಬಂದು, “ಪ್ರಿನ್ಸೆಸ್ ಕಟ್ ಹಾಕಕ್ಕೆ ಬರತ್ತೇನಮ್ಮ?” ಎಂದು ಕೇಳಿದ್ದರು. ಹಾಗಂದರೆ ಏನು ಎಂದು ಚಂದ್ರಾವತಿಗೆ ತಿಳಿದಿರಲಿಲ್ಲ. “ಬರತ್ತೆ” ಅಂದಳು. ಮನೆಗೆ ಹೋಗಿ ಚಿಕ್ಕಮ್ಮ ಆ ಕಟ್ಟಿನದೆಂದು ಮೆರೆಯುತ್ತಿದ್ದ ಮದುವೆ ಬ್ಲೌಸನ್ನು ಟ್ರಂಕಿನಿಂದ ಕದ್ದು, ಹೊಲಿಗೆಯನ್ನೆಲ್ಲ ಬಿಚ್ಚಿ, ಒಂದೊಂದು ತುಂಡನ್ನೂ ಚಾಪೆಯ ಮೇಲೆ ಹರವಿ ನೋಡಿದಳು. ಆಮೇಲೆ ಅದನ್ನೂ ಮೊದಲಿದ್ದ ಹಾಗೆ ಹೊಲಿದು ಇಟ್ಟಳು, ವಕೀಲರ ಹೆಂಡತಿಯ ಬ್ಲೌಸನ್ನೂ ಹೊಲಿದು ಕೊಟ್ಟಳು. ಯಾರಿಗೂ ತಿಳಿಯಲಿಲ್ಲ. ಆ ದಿನ ಯಾರಾದರೂ ಅವಳನ್ನು ಹಿಡಿದು ಎರಡು ಬಾರಿಸಿದ್ದರೆ ಎಷ್ಟೋ ಒಳ್ಳೆಯದಿತ್ತು. ಬಟ್ಟೆಯನ್ನು ಬಿಚ್ಚಿ ನೋಡಿ ಮತ್ತೆ ಹೊಲಿಯಬಹುದು, ಆಡಿದ ಮಾತನ್ನು ಹಾಗೆ ಮಾಡಲಾಗುವುದಿಲ್ಲ ಎಂದು ಅವಳಿಗೆ ಆಗಲೇ ತಿಳಿಯುತ್ತಿತ್ತು.

ಗಂಡ ಚಾಮರಾಜ ಮೈಸೂರಿನ ಒಂದು ಹೋಟೆಲಿನಲ್ಲಿ ಅಡುಗೆಯವನಾಗಿದ್ದ. ಕೈರುಚಿ ಒಳ್ಳೆಯದು, ಕಾಗದಪತ್ರದ ಗೋಜು ಮಾತ್ರ ಬೇಡ. ಕಿಲ್ಕೆನ್ನಿಯ ಇಂಡಿಯನ್ ರೆಸ್ಟೋರೆಂಟಿನವರು ವರ್ಕ್ ಪರ್ಮಿಟ್ ಕೊಟ್ಟು ಕರೆಸಿಕೊಂಡಾಗ ಅವನಿಗೆ ಐವತ್ತು ದಾಟಿತ್ತು. ತಡವಾಗಿ ಹುಟ್ಟಿದ ಮಗಳು ನವ್ಯಾ ಇನ್ನೂ ಸ್ಕೂಲಿನಲ್ಲಿದ್ದಳು. ಮೂವರೂ ಬಂದು ಇಳಿದ ಮೇಲೆ ಇಮಿಗ್ರೇಷನ್ ಕೌಂಟರಿನವನು ಚಂದ್ರಾವತಿಯ ಪಾಸ್‌ಪೋರ್ಟ್ ತಿರುವಿ ಹಾಕಿ, “ಡಿಪೆಂಡೆಂಟ್, ಅಲ್ವಾ?” ಅಂದ. ಅವಳು ತಲೆ ಆಡಿಸಿದಳು. ಅವನು ಮೂರನೇ ನಂಬರಿನ ಮೊಹರು ಒತ್ತಿದ. ಗಂಡನ ಜೊತೆ ಇರಬಹುದು, ಕೆಲಸ ಮಾಡುವ ಹಾಗಿಲ್ಲ, ಅದೇ ಸ್ಟಾಂಪ್ ಮೂರು. ಡಿಪೆಂಡೆಂಟ್ ಅಂದರೆ ಏನೆಂದು ಸ್ವಲ್ಪ ದಿನದ ಮೇಲೆ ನವ್ಯಾಳೇ ಹೇಳಿದಳು. “ಅಂದ್ರೆ ನೀನು ಅಪ್ಪನ ಮೇಲೆ ಡಿಪೆಂಡ್ ಆಗಿರೋಳು ಅಂತ, ಅಮ್ಮ.” ಹುಡುಗಿಯಾಗಿದ್ದಾಗಿನಿಂದ ಹೊಲಿದು ತನ್ನ ಖರ್ಚು ತಾನು ನೋಡಿಕೊಂಡವಳು ಆ ಸಂಜೆ ಕಿಟಕಿಯ ಪರದೆಯೊಂದನ್ನು ಇಳಿಸಿ ಹೊಲಿಗೆ ಬಿಚ್ಚಲು ಕುಳಿತಳು.

ಆ ವರ್ಷಗಳಲ್ಲಿ ಬಾಡಿಗೆ ಮನೆಯ ಕಿಟಕಿ ಪರದೆಗಳನ್ನು ಅವಳು ಬಿಚ್ಚಿ ಹೊಲಿದು, ಹೊಲಿದು ಬಿಚ್ಚಿ, ಕೊನೆಗೆ ಪರದೆಗಳೇ ದಣಿದವು. ಅಷ್ಟು ಕಾದ ಮೇಲೆ ನಾಲ್ಕನೇ ಸ್ಟಾಂಪು ಬಿತ್ತು. ಅದಿದ್ದರೆ ಯಾರನ್ನೂ ಕೇಳದೆ ಎಲ್ಲಿ ಬೇಕಾದರೂ ದುಡಿಯಬಹುದು. ಚಂದ್ರಾವತಿ ಶಾವಿಗೆ ಪಾಯಸ ಮಾಡಿದಳು. ಪಾಸ್‌ಪೋರ್ಟನ್ನು ದೇವರ ಪಟದ ಮುಂದೆ ಇಟ್ಟು ಕುಂಕುಮ ಹಚ್ಚಲು ಹೋದವಳನ್ನು ನವ್ಯಾ ತಡೆದಳು. ಮಾರನೆಯ ಬೆಳಿಗ್ಗೆಯೇ ಹೈ ಸ್ಟ್ರೀಟಿನ ಪಕ್ಕದ ಗಲ್ಲಿಯಲ್ಲಿದ್ದ ಆಲ್ಟರೇಷನ್ ಅಂಗಡಿಗೆ ಹೋಗಿ ಬಾಗಿಲು ತಟ್ಟಿದಳು.

ಅಂಗಡಿ ನುವಾಲಾ ಫೆಲನ್ ಎಂಬಾಕೆಯದು. ಕನ್ನಡಕವನ್ನು ಸರದ ಹಾಗೆ ಕೊರಳಿಗೆ ನೇತುಹಾಕಿಕೊಂಡಿರುತ್ತಿದ್ದ, ಗಂಡ ಇಲ್ಲದ, ಮಕ್ಕಳಿಲ್ಲದ ಹೆಂಗಸು. ಚಂದ್ರಾವತಿಗಿಂತ ಹಿರಿಯರು. ಒಂದು ಪ್ಯಾಂಟು ಕೊಟ್ಟು ಅಂಚು ಮಡಿಸಲು ಹೇಳಿದರು. ಚಂದ್ರಾವತಿ ಮಡಿಸಿ ಹೊಲಿದ ಅಂಚನ್ನು ಬೆಳಕಿಗೆ ಹಿಡಿದು ನೋಡಿ, “ನಾಳೆಯಿಂದ ಬಾ” ಅಂದರು. ಅಂದಿನಿಂದ ಅವರು ಅವಳ ಬಾಯಲ್ಲಿ ನುವಾಲಮ್ಮ ಆದರು.

ಕೆಲಸಕ್ಕೆ ಸೇರಿ ಕೆಲವು ವಾರಗಳಾಗಿರಬೇಕು. ಇಸ್ತ್ರಿ ಪೆಟ್ಟಿಗೆ ಬಿಸಿ ಮಾಡುತ್ತ ನಿಂತಿದ್ದವಳ ಹತ್ತಿರ ನುವಾಲಮ್ಮ ಬಂದು, “ಚಂದ್ರಾ, ನಿನಗೆ ಸ್ಟಾಂಪ್ ಕಟ್ಟಲಾ?” ಎಂದು ಕೇಳಿದರು.

ಈ ಮಾತಿನಲ್ಲಿ ಚಂದ್ರಾವತಿಯ ಮುದಿತನವೇ ಅಡಗಿತ್ತು. ಆ ಊರಿನ ಹಳಬರು ಸ್ಟಾಂಪು ಅನ್ನುವುದು ಪೆನ್ಷನ್ನಿಗಾಗಿ ವಾರವಾರ ಸರ್ಕಾರಕ್ಕೆ ಕಟ್ಟುವ ವಿಮೆಯ ಪಾಲಿಗೆ. ಹಿಂದೆ ಮಾಲೀಕರು ಒಂದು ಕಾರ್ಡಿನ ಮೇಲೆ ವಾರಕ್ಕೊಂದು ಸ್ಟಾಂಪು ಅಂಟಿಸುತ್ತಿದ್ದರಂತೆ. ಕಾರ್ಡು ಹೋಗಿ ಕಂಪ್ಯೂಟರ್ ಬಂದು ಎಷ್ಟೋ ಕಾಲವಾದರೂ ಹೆಸರು ಹಾಗೇ ಉಳಿದಿದೆ. ಇದು ಚಂದ್ರಾವತಿಗೆ ಹೇಗೆ ಗೊತ್ತಿರಬೇಕು? ಅವಳಿಗೆ ಗೊತ್ತಿದ್ದದ್ದು ಒಂದೇ ಸ್ಟಾಂಪು, ಪಾಸ್‌ಪೋರ್ಟಿನದು. ತನಗೆ ಕೆಲಸ ಮಾಡುವ ಹಕ್ಕಿಲ್ಲ ಎಂದು ಈಕೆ ಅಂದುಕೊಂಡಿದ್ದಾರೆ, ಪಾಪ, ತನ್ನ ಪರವಾಗಿ ಅರ್ಜಿ ಹಾಕಲು ಹೊರಟಿದ್ದಾರೆ ಎಂದು ಅವಳು ಎಣಿಸಿದಳು. ಮೂರನೇ ಸ್ಟಾಂಪಿನ ಅವಮಾನವನ್ನು ನುಂಗಿಕೊಂಡಿದ್ದವಳು ಗದ್ದ ಮೇಲೆತ್ತಿ, “ನನ್ನ ಹತ್ರ ಸ್ಟಾಂಪ್ ಇದೆ, ನುವಾಲಮ್ಮ. ಬೇಕಾಗಿಲ್ಲ. ಐ ಆಮ್ ಗ್ರ್ಯಾಂಡ್,” ಅಂದಳು.

ಆ ಗ್ರ್ಯಾಂಡ್ ಒಂದು ಮಾಯಾವಿ ಮಾತು. ಅಲ್ಲಿ ಚೆನ್ನಾಗಿದ್ದೇನೆ ಅನ್ನುವುದಕ್ಕೂ ಗ್ರ್ಯಾಂಡ್, ಆಗಲಿ ಅನ್ನುವುದಕ್ಕೂ ಗ್ರ್ಯಾಂಡ್, ನಿಮ್ಮ ಉಪಕಾರ ಬೇಡ ಅನ್ನುವುದಕ್ಕೂ ಗ್ರ್ಯಾಂಡ್. ಕಲಿತು ಹೆಚ್ಚು ದಿನವಾಗಿರಲಿಲ್ಲ, ಆಡುವ ಚಪಲ ಬೇರೆ. ನುವಾಲಮ್ಮ ಒಂದು ಗಳಿಗೆ ಅವಳ ಮುಖ ನೋಡಿದರು. ಮತ್ತೊಂದು ಸಲ ಕೇಳಬಹುದಿತ್ತು, ಕೇಳಲಿಲ್ಲ. ಬೇಡ ಅಂದವರಿಗೆ ಬಲವಂತ ಮಾಡುವವರು ಯಾರು? ಅದರಲ್ಲೂ ಬೇಡ ಅಂದರೆ ತಮಗೇ ಉಳಿತಾಯ ಆಗುವಾಗ? ಅಂದಿನಿಂದ ಶುಕ್ರವಾರದ ಸಂಬಳ ಕೈಗೆ ಬರುತ್ತಿತ್ತು, ಅಂಗಡಿಯ ಲೆಕ್ಕದಲ್ಲಿ ಚಂದ್ರಾವತಿ ಎಂಬ ಹೆಂಗಸೇ ಇರಲಿಲ್ಲ.

ಹಾಗೆಂದು ನುವಾಲಮ್ಮನನ್ನು ಕೆಟ್ಟವರು ಅನ್ನಲು ಬಾಯಿ ಬರುವುದಿಲ್ಲ. ಚಾಮರಾಜ ಎದೆನೋವಿನಿಂದ ಆಸ್ಪತ್ರೆ ಸೇರಿದಾಗ ದಿನವೂ ಕಾರಿನಲ್ಲಿ ಕರೆದುಕೊಂಡು ಹೋಗಿ ಬಂದವರು ಅವರು. ಇವರಿಗೆ ಐರಿಷ್ ಪಾಸ್‌ಪೋರ್ಟ್ ಸಿಗುವಾಗ ಇವರು ನನ್ನವರು ಎಂದು ಸಾಕ್ಷಿ ಹಾಕಿದವರೂ ಅವರೇ. ಮಧ್ಯಾಹ್ನ ಚಂದ್ರಾವತಿಯ ಚಿತ್ರಾನ್ನ ಅವರ ತಟ್ಟೆಗೆ, ಅವರ ಸೋಡಾ ಬ್ರೆಡ್ಡು ಇವಳ ತಟ್ಟೆಗೆ. ವಸಂತ ಬಂದರೆ ಇಬ್ಬರಿಗೂ ಉಸಿರಾಡಲು ಪುರಸೊತ್ತಿರುತ್ತಿರಲಿಲ್ಲ. ಮೊದಲ ಕಮ್ಯುನಿಯನ್ ಎಂಬ ಪ್ರಸಾದದ ಶಾಸ್ತ್ರಕ್ಕೆ ಚರ್ಚಿಗೆ ಹೋಗುವ ಪುಟ್ಟ ಹುಡುಗಿಯರ ಬಿಳಿ ಫ್ರಾಕುಗಳು ಅಂಗಡಿಯ ತುಂಬ ನೇತಾಡುತ್ತಿದ್ದವು. ಅಕ್ಕಪಕ್ಕದ ಬೀದಿಗಳಲ್ಲಿ ಚಂದ್ರಾವತಿಯ ಕೈಯ ಫ್ರಾಕು ತೊಡದ ಹುಡುಗಿ ಇರಲಿಲ್ಲ ಅಂದರೂ ಸುಳ್ಳಾಗದು. ಅವಳ ಬಾಳಿನಲ್ಲಿ ಅಷ್ಟು ಸುಖದ ಕಾಲ ಮತ್ತೊಂದು ಬರಲಿಲ್ಲ.

ಕೊರೋನಾ ಬಂದು ಅಂಗಡಿ ಮುಚ್ಚಿತು, ಮುಚ್ಚಿದ್ದು ಮತ್ತೆ ತೆರೆಯಲಿಲ್ಲ. ನುವಾಲಮ್ಮನ ಕೈ ನಡುಗಲು ಶುರುವಾಗಿತ್ತು. ಚಂದ್ರಾವತಿ ವಯಸ್ಸಾದವರ ಆರೈಕೆ ಮನೆಯೊಂದರ ಲಾಂಡ್ರಿಗೆ ಸೇರಿದಳು. ಒದ್ದೆ ಹಾಸಿಗೆ ಬಟ್ಟೆ ಎತ್ತಿ ಎತ್ತಿ ಹೆಬ್ಬೆರಳ ಕೀಲುಗಳು ಊದಿಕೊಂಡು ಸೂಜಿಗೆ ದಾರ ಪೋಣಿಸುವುದೂ ಕಷ್ಟವಾಯಿತು. ಇರಲಿ, ಇನ್ನೇನು ಪೆನ್ಷನ್ ಬರುತ್ತದಲ್ಲ ಎಂದು ಸಮಾಧಾನ ಮಾಡಿಕೊಂಡಳು. ಚಾಮರಾಜನಿಗೆ ಆಗಲೇ ಬರುತ್ತಿತ್ತು. ಅವಳಿಗೆ ಬೇಕಾಗಿದ್ದದ್ದು ಅವನದ್ದಲ್ಲ, ತನ್ನ ಹೆಸರಿನದು. ಎಷ್ಟು ಬರುತ್ತದೆ ಅನ್ನುವುದೂ ಅವಳಿಗೆ ಮುಖ್ಯವಾಗಿರಲಿಲ್ಲ.

ಪೆನ್ಷನ್ನಿನ ವಯಸ್ಸು ಅರವತ್ತಾರು ಹತ್ತಿರ ಬಂದಾಗ ಊರಿನ ಮಾಹಿತಿ ಕೇಂದ್ರಕ್ಕೆ ಹೋಗಿ ಕುಳಿತಳು. ಮೇಜಿನ ಆಚೆಯಿದ್ದ ಹೆಂಗಸು ಕಂಪ್ಯೂಟರ್ ನೋಡಿ, ಲಾಂಡ್ರಿಯ ವರ್ಷಗಳ ಸ್ಟಾಂಪು ಮಾತ್ರ ಇದೆ, ಹತ್ತು ವರ್ಷದ್ದು ಬೇಕು, ಅದರ ಹಿಂದೆ ಏನೂ ಇಲ್ಲವಲ್ಲ ಅಂದಳು.

“ಇದೆ,” ಅಂದಳು ಚಂದ್ರಾವತಿ. “ಸ್ಟಾಂಪ್ ಫೋರ್.”

ಆ ಹೆಂಗಸು ನಗಲಿಲ್ಲ. ನಕ್ಕಿದ್ದರೆ ಚಂದ್ರಾವತಿಗೆ ಸಿಟ್ಟಾದರೂ ಬರುತ್ತಿತ್ತು. ಮೆಲ್ಲಗೆ ಎರಡು ಸ್ಟಾಂಪುಗಳ ವ್ಯತ್ಯಾಸ ವಿವರಿಸಿದಳು. ಆ ವರ್ಷಗಳಲ್ಲಿ ದುಡಿದದ್ದು ನಿಜವಾದರೆ ಮಾಲೀಕರ ಹೆಸರು ಕೊಡಿ, ಇಲಾಖೆಯವರು ವಿಚಾರಣೆ ಮಾಡಿ ಅವರಿಂದ ವಸೂಲು ಮಾಡುತ್ತಾರೆ, ನಿಮ್ಮ ಸ್ಟಾಂಪು ನಿಮಗೆ ಸಿಗುತ್ತದೆ ಅಂದಳು. ಇಲ್ಲದಿದ್ದರೆ ಗಂಡನ ಪೆನ್ಷನ್ನಿಗೆ ನಿಮ್ಮ ಹೆಸರು ಸೇರಿಸಬಹುದು, ಈಗ ಅದಕ್ಕೆ ಬೇರೆ ಹೆಸರಿದೆ, ಜನ ಮಾತ್ರ ಇನ್ನೂ ಡಿಪೆಂಡೆಂಟ್ ಅನ್ನುತ್ತಾರೆ ಅಂದಳು. ಅಳಿಯ ಅಲ್ಲ, ಮಗಳ ಗಂಡ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುವುದು ಇದಕ್ಕೇ ಎಂದುಕೊಳ್ಳುತ್ತ ಅವಳು ಬಸ್ಸನ್ನೂ ಹತ್ತದೆ ಮನೆಗೆ ನಡೆದಳು.

ಗಂಡನಿಗೆ ಹೇಳಲಿಲ್ಲ. ಗಾಲ್ವೆ ಊರಿನ ಒಂದು ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ನವ್ಯಾಳಿಗೆ ಫೋನ್ ಮಾಡಿದಳು. ನವ್ಯಾ ಕೆಂಡವಾದಳು. ಸಿಟ್ಟು ಬಂದರೆ ಅವಳಿಗೆ ಕನ್ನಡ ಮರೆತುಹೋಗುತ್ತದೆ, ಇಂಗ್ಲಿಷಿನಲ್ಲಿ, ಅದೂ ಅಲ್ಲಿನವರ ರಾಗದಲ್ಲಿ ಬೈದಳು. ಕೊನೆಗೆ ಕನ್ನಡಕ್ಕೆ ಬಂದು, “ಹೆಸರು ಕೊಡು ಅಮ್ಮ. ಅದು ನಿನ್ನ ದುಡ್ಡು, ನಿನ್ನ ಹಕ್ಕು,” ಅಂದಳು.

“ಅವ್ರು ಕೇಳಿದ್ರು ಕಣೇ. ನಾನೇ ಬೇಡ ಅಂದಿದ್ದು.”

“ಕೇಳೋದಲ್ಲ, ಕಟ್ಟಬೇಕಾಗಿತ್ತು. ಅದು ಅವರ ಡ್ಯೂಟಿ.”

ಮಗಳು ಹೇಳಿದ್ದು ಸರಿ ಎಂದು ಚಂದ್ರಾವತಿಗೆ ಗೊತ್ತಿತ್ತು. ಉಂಡ ಮನೆಗೆ ಎರಡು ಬಗೆಯಬಾರದು ಅನ್ನುವುದೂ ಗೊತ್ತಿತ್ತು. ಎರಡರ ನಡುವೆ ಮೂರನೆಯ ದಾರಿ ಏನಾದರೂ ಇದೆಯೋ ಎಂದು ಅವಳು ಹುಡುಕುತ್ತಿದ್ದಾಗಲೇ ಊರಿನ ಟೀಡಿ, ಅಂದರೆ ಅಲ್ಲಿನ ಸಂಸತ್ ಸದಸ್ಯ, ಪೆನ್ಷನ್ ವಿಷಯಕ್ಕೆ ಜನರ ಸಭೆ ಕರೆದಿದ್ದಾನೆಂಬ ಸುದ್ದಿ ಬಂತು. ಸುದ್ದಿ ತಂದವರು ನುವಾಲಮ್ಮನೇ. ಚಂದ್ರಾವತಿಗೆ ಪೆನ್ಷನ್ ತೊಡಕಾಗಿದೆ ಎಂದಷ್ಟೇ ಅವರಿಗೆ ಗೊತ್ತು, ಯಾಕೆ ಎಂದು ಅವಳು ಹೇಳಿರಲಿಲ್ಲ. “ಬಾ ಹೋಗೋಣ. ಇಷ್ಟು ವರ್ಷ ದುಡಿದವಳಿಗೆ ಇಲ್ಲ ಅನ್ನೋಕೆ ಇವರು ಯಾರು? ನಾನು ಪಕ್ಕದಲ್ಲಿ ಕೂತಿರ್ತೀನಿ, ನೀನು ಎದ್ದು ಕೇಳು,” ಅಂದರು.

ಸಭೆ ನಡೆದದ್ದು ನುವಾಲಮ್ಮನ ಬೀದಿಯ ಕೊನೆಯಲ್ಲೇ ಇದ್ದ ಚರ್ಚಿನ ಹಾಲಿನಲ್ಲಿ. ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕೈ ಚಂದ್ರಾವತಿಯ ತೋಳಿನಲ್ಲಿ, ಹೀಗೆ ನಡೆದು ಬಂದು ನುವಾಲಮ್ಮ ಮುಂದಿನ ಸಾಲಿನ ಹಿಂದೆಯೇ ಕುಳಿತರು. ಒದ್ದೆ ಕೋಟುಗಳ ವಾಸನೆ, ಹಿಂದಿನ ಮೇಜಿನ ಮೇಲೆ ಚಹಾದ ಕೊಡ, ಬಿಸ್ಕತ್ತು. ಟೀಡಿ ಡೊನಲ್ ಕೀಟಿಂಗ್ ನಗುಮುಖದ ಮನುಷ್ಯ, ಚುನಾವಣೆಯಲ್ಲಿ ಚಂದ್ರಾವತಿಯ ಮನೆ ಬಾಗಿಲಿಗೂ ಬಂದು ಕೈ ಕುಲುಕಿ ಹೋಗಿದ್ದ.

ಜನ ಅವನನ್ನು ಸುಮ್ಮನೆ ಬಿಡಲಿಲ್ಲ. ಗಾರೆ ಕೆಲಸದವನೊಬ್ಬ ಎದ್ದು, “ನನ್ನ ಮಂಡಿ ಎರಡೂ ಹೋಗಿವೆ. ಅರವತ್ತಾರರವರೆಗೆ ಏಣಿ ಹತ್ತು ಅಂತೀರಲ್ಲ, ನೀವು ಬಂದು ಹತ್ತಿ,” ಅಂದ. ತೀರ ವಯಸ್ಸಾದ ಹೆಂಗಸೊಬ್ಬರು, ಮದುವೆಯಾದ ವಾರವೇ ಸರ್ಕಾರಿ ಕೆಲಸದಿಂದ ಬಿಡಿಸಿ ಮನೆಗೆ ಕಳಿಸಿದ್ದನ್ನು ಹೇಳಿದರು. ಆಗ ಕಾನೂನೇ ಹಾಗಿತ್ತು. “ನೀವೇ ಮನೆಗೆ ಕಳಿಸಿದಿರಿ, ಈಗ ನೀವೇ ಸ್ಟಾಂಪ್ ಎಲ್ಲಿ ಅಂತ ಕೇಳ್ತೀರಿ.” ಹಾಲಿನ ತುಂಬ ಗುಸುಗುಸು. ಕೀಟಿಂಗ್ ಪ್ರತಿಯೊಬ್ಬರಿಗೂ ನೋವು ಅರ್ಥವಾಗುತ್ತದೆ ಅಂದ, ಮಂತ್ರಿಗಳ ಗಮನಕ್ಕೆ ತರುತ್ತೇನೆ ಅಂದ, ಮುಂದಿನ ಬಜೆಟ್ ಅಂದ. ಎಲ್ಲ ಅಡ್ಡಗೋಡೆಯ ಮೇಲೆ ದೀಪ. ಚಂದ್ರಾವತಿಗೆ ಮಾತ್ರ ಆ ವಯಸ್ಸಾದ ಹೆಂಗಸಿನಿಂದ ಕಣ್ಣು ಕೀಳಲಾಗಲಿಲ್ಲ. ಮೂರನೇ ಸ್ಟಾಂಪು ಇಲ್ಲಿನವರಿಗೂ ಬಿದ್ದಿತ್ತಲ್ಲ ಎಂದುಕೊಂಡಳು.

“ಏಳು ಚಂದ್ರಾ,” ನುವಾಲಮ್ಮ ಮೊಣಕೈಯಿಂದ ತಿವಿದರು.

ಅವಳು ಎದ್ದಳು. ತಡವರಿಸುವ ಇಂಗ್ಲಿಷಿನಲ್ಲಿ, ಲಾಂಡ್ರಿಯ ವರ್ಷಗಳು ಇವೆ, ಅದರ ಹಿಂದೆ ಎಂಟು ವರ್ಷದ ಸ್ಟಾಂಪು ಬಿದ್ದಿಲ್ಲ, ಬೆರಳು ಹೋಗಿವೆ, ಇನ್ನು ದುಡಿಯಲಾಗುವುದಿಲ್ಲ, ಏನಾದರೂ ದಾರಿ ಇದೆಯೇ ಎಂದು ಕೇಳಿದಳು.

“ಆ ಎಂಟು ವರ್ಷ ಕೆಲಸ ಮಾಡ್ತಿದ್ರಾ?”

ಚಂದ್ರಾವತಿ ತನ್ನ ಊದಿದ ಬೆರಳುಗಳನ್ನು ನೋಡಿಕೊಂಡಳು. ಮಾಡುತ್ತಿದ್ದಳೆಂದೇ ತಿಳಿದ ಕೀಟಿಂಗನ ಮುಖ ಬೆಳಗಿತು. ಆ ಸಂಜೆಯೆಲ್ಲ ಯಾರಿಗೂ ನೇರ ಉತ್ತರ ಕೊಡಲಾಗದೆ ಒದ್ದಾಡಿದವನಿಗೆ ಒಂದಾದರೂ ತನ್ನ ಕೈಯಲ್ಲಿ ಆಗುವ ಕೆಲಸ ಸಿಕ್ಕಿತ್ತು. “ನೋಡಿ, ಇದನ್ನು ನಾನು ಮಾಡಿಸಿಕೊಡ್ತೀನಿ. ಕಟ್ಟದೇ ಇದ್ದದ್ದು ಮಾಲೀಕರ ತಪ್ಪು, ನಿಮ್ಮದಲ್ಲ. ಕೆಲಸದ ಜಾಗ ಮುಚ್ಚಿಹೋಗಿದ್ರೂ ಅವರನ್ನು ಬಿಡಲ್ಲ. ಹೆಸರು ಹೇಳಿ, ಸೋಮವಾರ ಬೆಳಿಗ್ಗೆ ಇಲಾಖೆಗೆ ನಾನೇ ಫೋನ್ ಮಾಡ್ತೀನಿ. ಯಾರ ಹತ್ರ ಇದ್ರಿ?”

ಯಾರೋ ಚಪ್ಪಾಳೆ ತಟ್ಟಿದರು. ಹಾಲಿನವರೆಲ್ಲ ತಿರುಗಿ ಅವಳನ್ನೇ ನೋಡಿದರು.

ಚಂದ್ರಾವತಿ ಕೆಳಗೆ ನೋಡಿದಳು. ಊರುಗೋಲಿನ ಮೇಲಿದ್ದ ನುವಾಲಮ್ಮನ ಕೈ, ಸದಾ ನಡುಗುವ ಕೈ, ನಡುಗದೆ ನಿಂತಿತ್ತು. ಅವರು ತಲೆ ಎತ್ತಲಿಲ್ಲ. ಎಲ್ಲ ನೆನಪಿದೆ ಈಕೆಗೆ ಎಂದು ಚಂದ್ರಾವತಿಗೆ ಆ ಕ್ಷಣ ತಿಳಿಯಿತು. ಒಂದು ಹೆಸರು, ಎರಡೇ ಮಾತು, ಹೇಳಿದರೆ ಅವಳ ದುಡಿಮೆ ಅವಳದಾಗುತ್ತಿತ್ತು. ನಾಲಿಗೆಯ ತುದಿಗೂ ಬಂದಿತ್ತು.

“ನಾನು ಮನೇಲೇ ಇದ್ದೆ,” ಅಂದಳು. “ಕೆಲಸ ಮಾಡ್ತಿರ್ಲಿಲ್ಲ.”

ಮುಂದಿನ ಸಾಲಿನ ಹೆಂಗಸೊಬ್ಬಳು ಪೂರ್ತಿ ತಿರುಗಿದಳು. “ಮನೇಲಾ? ನಮ್ಮ ಈಫಾಳ ಕಮ್ಯುನಿಯನ್ ಫ್ರಾಕು ಹೊಲಿದಿದ್ದು ನೀವೇ ಅಲ್ವಾ? ಅದನ್ನ ಇನ್ನೂ ಇಟ್ಕೊಂಡಿದ್ದೀವಿ. ಅಂಥ ಕೈ ನಾನು ನೋಡಿಲ್ಲ.”

“ಅದು ಸುಮ್ನೆ. ಟೈಮ್ ಪಾಸಿಗೆ. ಐ ಆಮ್ ಗ್ರ್ಯಾಂಡ್,” ಅನ್ನುತ್ತ ಕುಳಿತುಬಿಟ್ಟಳು.

ಹಾಗಾದರೆ ಕಷ್ಟ ಎಂದು ಕೀಟಿಂಗ್ ಬೇಸರದಿಂದಲೇ ಹೇಳಿ ಮುಂದಿನವರ ಕಡೆ ತಿರುಗಿದ. ಚಂದ್ರಾವತಿಗೆ ಮತ್ತೇನೂ ಕೇಳಿಸಲಿಲ್ಲ. ಪೆನ್ಷನ್ ಹೋದದ್ದಕ್ಕಿಂತ ಹೆಚ್ಚಾಗಿ ಆ ಟೈಮ್ ಪಾಸ್ ಅನ್ನುವ ಮಾತು ಅವಳನ್ನು ಸುಡುತ್ತಿತ್ತು. ಒಂದೊಂದು ಫ್ರಾಕಿಗೂ ಒಳಗಿನ ಹೊಲಿಗೆ ಮಗುವಿನ ಮೈಗೆ ಚುಚ್ಚದಿರಲಿ ಎಂದು ಅಂಚುಗಳನ್ನು ಎರಡೆರಡು ಸಲ ಮಡಿಸಿ ಹೊಲಿದವಳು, ಅದನ್ನೆಲ್ಲ ಊರೆದುರು ತಾನೇ ಕಸ ಮಾಡಿದ್ದಳು.

ಬಂದ ಹಾಗೆಯೇ ತೋಳಿಗೆ ತೋಳು ಕೊಟ್ಟು ಇಬ್ಬರೂ ಹೊರಟರು. ಜಿನುಗು ಮಳೆ ಹಿಡಿದಿತ್ತು. ತಮ್ಮ ಗೇಟು ಬಂದಾಗ ನುವಾಲಮ್ಮ ತೋಳು ಬಿಡಿಸಿಕೊಂಡರು. ಗೇಟಿಗೆ ಕೈಯಿಟ್ಟು ನಿಂತು, ಬೀದಿಯ ಕಡೆ ನೋಡುತ್ತ, “ಆವತ್ತು ನಾನು ನಿನ್ನನ್ನ ಕೇಳಿದ್ದೆ, ಅಲ್ವಾ ಚಂದ್ರಾ?” ಅಂದರು.

ಚಂದ್ರಾವತಿ ಕಾದಳು. ಇನ್ನೊಂದು ಮಾತು ಬರುತ್ತದೆ ಅಂದುಕೊಂಡಳು. ನಾಳೆ ನಾನೇ ಹೋಗಿ ಹೇಳುತ್ತೇನೆ ಎನ್ನಬಹುದು, ಇಲ್ಲವೇ ತಪ್ಪಾಯಿತು ಎಂದಾದರೂ ಅನ್ನಬಹುದು. ಅಷ್ಟಂದಿದ್ದರೆ ಸಾಕಿತ್ತು, ಉಳಿದದ್ದನ್ನೆಲ್ಲ ಅವಳು ಬೇಡ ಅನ್ನುತ್ತಿದ್ದಳು. ನುವಾಲಮ್ಮ ಚೀಲದಲ್ಲಿ ಬೀಗದ ಕೈ ತಡಕಾಡುತ್ತಿದ್ದರು.

“ಕೇಳಿದ್ರಿ. ನಾನೇ ಬೇಡ ಅಂದೆ,” ಅಂದಳು. ಅವರಿಗೆ ಬೀಗದ ಕೈ ಸಿಗಲಿಲ್ಲ. ಅವಳೇ ಅದನ್ನು ಹುಡುಕಿ, ಬಾಗಿಲು ತೆಗೆದು, ದೀಪ ಹಾಕಿ, ಅವರ ಒದ್ದೆ ಕೋಟನ್ನು ಕುರ್ಚಿಗೆ ಹರವಿದಳು.

“ನೀನು ಒಳ್ಳೆಯವಳು ಚಂದ್ರಾ,” ಅಂದರು ನುವಾಲಮ್ಮ. ಚಂದ್ರಾವತಿ ಬಾಗಿಲು ಎಳೆದುಕೊಂಡು ಹೊರಟಳು.

ಮನೆಯಲ್ಲಿ ಚಾಮರಾಜ ಸಾರಿಗೆ ಒಗ್ಗರಣೆ ಹಾಕುತ್ತಿದ್ದ. ಫೋನು ಎರಡು ಸಲ ಬಡಿದುಕೊಂಡಿತಂತೆ, ನವ್ಯಾ ಇರಬೇಕು. ಚಂದ್ರಾವತಿ ಫೋನಿನ ಕಡೆ ಹೋಗದೆ ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತಳು.

“ರೀ, ನಿಮ್ಮ ಪೆನ್ಷನ್ನಿಗೆ ನನ್ನ ಹೆಸರು ಸೇರಿಸಿಬಿಡಿ.”

“ಯಾಕೆ? ನಿಂದೇ ಬೇರೆ ಬರತ್ತೆ ಅಂತಿದ್ಯಲ್ಲ. ನಿನ್ನ ಹೆಸರಲ್ಲೇ ಬೇಕು ಅಂತ ಅಷ್ಟೊಂದು ಹಟ ಮಾಡಿದ್ದೆ.”

“ಬರಲ್ವಂತೆ.”

“ಅಷ್ಟು ವರ್ಷ ದುಡಿದಿದ್ದೀಯ, ಯಾಕೆ ಬರಲ್ಲ ಚಂದ್ರಾ?”

ಅವಳು ಊದಿದ ಹೆಬ್ಬೆರಳನ್ನು ಇನ್ನೊಂದು ಕೈಯಿಂದ ನೀವುತ್ತ ಕುಳಿತಿದ್ದಳು. ಯಾಕೆ ಬರುವುದಿಲ್ಲ ಅನ್ನುವುದನ್ನು ಅವಳಷ್ಟು ಚೆನ್ನಾಗಿ ಬಲ್ಲವರು ಆ ಊರಿನಲ್ಲಿ ಇನ್ನೊಬ್ಬರಿರಲಿಲ್ಲ.

“ಗೊತ್ತಿಲ್ಲ,” ಅಂದಳು.

ಚಾಮರಾಜ ಸೌಟನ್ನು ಕೆಳಗಿಟ್ಟು ಹೆಂಡತಿಯ ಮುಖ ನೋಡಿದ.